ಕೆಂಪು ನೆಲದಲ್ಲಿ ಬಿಳುಪಿನ ಸಾಕ್ಷಿ

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿ, ಶಿರಾದಿಂದ ಹಿರಿಯೂರಿನ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿರುವ ತಾವರೆಕೆರೆಯಿಂದ ಮೊದಲುಗೊಂಡು ಮೂಡಣಕ್ಕೆ ಮಧುಗಿರಿ, ಕೊರಟಗೆರೆ, ಪಾವಗಡಗಳ ತನಕ ಹಬ್ಬಿರುವ ಬಯಲುಸೀಮೆಯಲ್ಲಿ ಬೆಳಕು ಆಕಾಶದಿಂದ ಇಳಿಯುವಂತೆಯೇ ನೆಲದಿಂದಲೂ ಏಳುತ್ತದೆ. ಮಳೆ ಕಡಿಮೆಯಾಗಿ, ಮರಗಳು ವಿರಳವಾಗಿ, ಕಡಲೆಕಾಯಿ ಕಿತ್ತ ಮೇಲೆ ತಿಂಗಳುಗಟ್ಟಲೆ ಬರಿದಾಗಿರುವ ಕೆಂಪು ಹೊಲಗಳ ಮೇಲೆ ಬಿದ್ದ ಬಿಸಿಲು, ಆ ಮಣ್ಣಿನ ವರ್ಣವನ್ನು ತನ್ನೊಡನೆ ಎತ್ತಿಕೊಂಡು ಬಂದು, ನಿಂತವರ ಗದ್ದದ ಕೆಳಗೆ, ಉಟ್ಟ ಪಂಚೆಯ ಅಂಚಿನ ಬಳಿ, ಮನೆಯ ಸೂರಿನ ಒಳಮೈಗೆ ನಸುಗೆಂಪಾದ ಲೇಪವೊಂದನ್ನು ಬಳಿಯುತ್ತದೆ. ಈ ಲೇಪವನ್ನು ನಾವು ಕಾಣೆವು. ಮುಂಜಾವಿನ ಹೊಂಬೆಳಕಿನಲ್ಲಿಯೂ, ನಡುಹಗಲಿನ ಸುಡುಬಿಸಿಲಿನಲ್ಲಿಯೂ, ಇರುಳಿನ ದೀಪದಲ್ಲಿಯೂ ಪಂಚೆಯು ನಮಗೆ ಬಿಳಿಯ ಪಂಚೆಯೇ. ಕಣ್ಣು, ಬಂದ ಬೆಳಕಿನ ಬಣ್ಣವನ್ನು ತನ್ನೊಳಗೇ ಕಳೆದು, ವಸ್ತುವಿನ ಬಣ್ಣವನ್ನು ಮಾತ್ರ ಮನಸ್ಸಿಗೆ ಒಪ್ಪಿಸುತ್ತದೆ. ಜರ್ಮನಿಯ ಶರೀರವಿಜ್ಞಾನಿ ಯೊಹಾನೆಸ್ ಫಾನ್ ಕ್ರೀಸ್ 1902ರಲ್ಲಿ ಇದರ ನಿಯಮವನ್ನು ಸೂಚಿಸಿದನು: ಕಣ್ಣಿನಲ್ಲಿರುವ ಮೂರು ಬಗೆಯ ವರ್ಣಗ್ರಾಹಿಗಳಲ್ಲಿ ಯಾವುದರ ಮೇಲೆ ಬೆಳಕು ಹೆಚ್ಚಾಗಿ ಬೀಳುವುದೋ ಅದು ತನ್ನ ಸಂವೇದನೆಯನ್ನು ಅಷ್ಟಕ್ಕಷ್ಟು ಕುಗ್ಗಿಸಿಕೊಳ್ಳುತ್ತದೆ.

ಕ್ಯಾಮೆರಾಕ್ಕೆ ಈ ದಾಕ್ಷಿಣ್ಯವಿಲ್ಲ. ಅದು ಬಂದ ಬೆಳಕನ್ನು ಬಂದ ಹಾಗೆ ಬರೆದುಕೊಳ್ಳುತ್ತದೆ. ಆದಕಾರಣ, ಇದು ಬಿಳುಪು, ಮಿಕ್ಕ ಬಣ್ಣಗಳನ್ನು ಇದರ ಮೇಲೆ ಅಳೆಯಬಹುದು ಎಂದು ನಿಂತು ನುಡಿಯುವ ಒಂದು ಸಾಕ್ಷಿಯನ್ನು ಛಾಯಾಗ್ರಾಹಕನು ಪ್ರತಿಯೊಂದು ಕಾಲದಲ್ಲಿಯೂ ಹುಡುಕಬೇಕಾಯಿತು. ಒಂದು ಕಾಲದಲ್ಲಿ ಆ ಸಾಕ್ಷಿ ಕುಂಚ ಹಿಡಿದವನ ಸ್ಮರಣೆಯಾಗಿತ್ತು; ಮತ್ತೊಂದು ಕಾಲದಲ್ಲಿ ಗಾಜಿನ ಸೋಸುಕವಾಯಿತು; ಇನ್ನೊಂದರಲ್ಲಿ ಮದುವೆಯ ಚಪ್ಪರದ ಬಟ್ಟೆಯಾಯಿತು; ಇಂದು ಬೂದುಬಣ್ಣದ ಒಂದು ಚೂರು ಹಲಗೆಯಾಗಿದೆ. ಈ ಸಾಕ್ಷಿಗಳ ಪರಂಪರೆಯನ್ನು ನಮ್ಮ ಸೀಮೆಯ ಕಣ್ಣಿನಿಂದ ನೋಡುವುದು ನನ್ನ ಉದ್ದೇಶ; ಏಕೆಂದರೆ ನೆಲವೇ ಬಣ್ಣ ಸೂಸುವ ಇಂಥ ಪ್ರದೇಶದಲ್ಲಿ ಆ ಸಾಕ್ಷಿಗಳ ಸತ್ಯಾಸತ್ಯತೆಯು ಬೇರೆಡೆಗಿಂತ ಬೇಗನೆ ಬಯಲಾಗುತ್ತದೆ.

ಮೈಸೂರು ಸೀಮೆಯಲ್ಲಿ ಕ್ಯಾಮೆರಾ ಹಿಡಿದು ಸಂಚರಿಸಿದ ಮೊದಲಿಗರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ಒಬ್ಬನು. 1854ರ ಡಿಸೆಂಬರಿನಲ್ಲಿ ಅವನು ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಕಾಗದದ ನೆಗೆಟಿವುಗಳ ಮೇಲೆ ಸೆರೆಹಿಡಿದನು. ಆ ಕಾಲದ ಬೆಳ್ಳಿಯ ಲವಣಗಳು ನೀಲಿಗೂ ನೇರಳೆಗೂ ಮಾತ್ರ ಸ್ಪಂದಿಸುತ್ತಿದ್ದವು. ಕೆಂಪಿಗೆ ಅವು ಪೂರ್ಣ ಕುರುಡು. ಹೀಗಾಗಿ ಕೆಮ್ಮಣ್ಣಿನ ನೆಲವು ಚಿತ್ರದಲ್ಲಿ ಕಾಡಿಗೆಯಂತೆ ಕಪ್ಪಾಗಿಯೂ, ನೀಲಾಕಾಶವು ಮೋಡವೊಂದೂ ಇಲ್ಲದ ಬೋಳು ಬಿಳುಪಾಗಿಯೂ ಮೂಡುತ್ತಿದ್ದವು. ಆ ಬೋಳುತನವನ್ನು ಸಹಿಸಲಾರದೆ ಟ್ರೈಪನು ಮರುವರ್ಷ ಬರ್ಮಾದಲ್ಲಿ ತೆಗೆದ ನೆಗೆಟಿವುಗಳ ಮೇಲೆ ಕುಂಚದಿಂದಲೇ ಮೋಡಗಳನ್ನು ಬರೆದನು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಲವಣಕ್ಕೆ ವರ್ಣದ್ರವ್ಯವನ್ನು ಬೆರೆಸಿದರೆ ಅದು ಹಸುರನ್ನೂ ಗ್ರಹಿಸಬಲ್ಲುದೆಂದು ಕಂಡುಕೊಂಡನು. ಕೆಂಪನ್ನೂ ಗ್ರಹಿಸುವ ಪ್ಯಾನ್‌ಕ್ರೋಮ್ಯಾಟಿಕ್ ಪ್ಲೇಟುಗಳು ಅಂಗಡಿಗೆ ಬರುವುದಕ್ಕೆ 1906ರವರೆಗೆ ಕಾಯಬೇಕಾಯಿತು. ನಮ್ಮ ಮಣ್ಣು ತನ್ನ ನಿಜವಾದ ಛಾಯೆಯಲ್ಲಿ, ಕಪ್ಪುಬಿಳುಪಿನಲ್ಲಾದರೂ, ಚಿತ್ರಿತವಾಗಲು ಅವಕಾಶವಾದದ್ದು ಅಲ್ಲಿಂದೀಚೆಗೆ.

ಕಪ್ಪುಬಿಳುಪಿನ ಕಾಲದ ತಾಲ್ಲೂಕುಪೇಟೆಯ ಫೋಟೋ ಸ್ಟುಡಿಯೋವನ್ನು ನೆನೆಯದೆ ಮುಂದೆ ಹೋಗಲು ಮನಸ್ಸೊಪ್ಪದು. ಕಂಬಗಳೂ ಮೆಟ್ಟಿಲುಗಳೂ ಹೂಕುಂಡಗಳೂ ಬರೆದ ಪರದೆ, ಕೈಯಿಡುವುದಕ್ಕೊಂದು ಎತ್ತರದ ಮೇಜು, ಹಿತ್ತಲ ಕಡೆಗೆ ಕೆಂಪು ಬಲ್ಬು ಉರಿಯುವ ಡಾರ್ಕ್ ರೂಮು, ಕಿಟಕಿಯ ಪಕ್ಕದಲ್ಲಿ ನೆಗೆಟಿವ್ ತಿದ್ದುವ ಓರೆಹಲಗೆ, ಇಷ್ಟೇ ಅದರ ಸಂಪತ್ತು. ಮದುವೆಯಾದ ಹೊಸತರಲ್ಲಿ ದಂಪತಿಗಳು, ನಾಮಕರಣವಾದ ಮೇಲೆ ಮಗುವಿನೊಡನೆ ತಾಯಿ, ಶ್ರಾದ್ಧದ ಮನೆಯಲ್ಲಿ ಗೋಡೆಗೆ ತೂಗುಹಾಕಲು ಹಿರಿಯರ ಹಳೆಯ ಪಟದ ದೊಡ್ಡ ಪ್ರತಿ, ಇವೇ ಅಲ್ಲಿನ ಮುಖ್ಯ ಕೆಲಸಗಳು. ದೊಡ್ಡ ಪ್ರತಿಗೆ ಬಣ್ಣ ಹಾಕಿಸಬೇಕೆಂದು ಮನೆಯವರು ಬಯಸಿದರೆ ಸ್ಟುಡಿಯೋದವನು ಸೀರೆಯ ಬಣ್ಣವನ್ನೂ ಅಂಚಿನ ಬಣ್ಣವನ್ನೂ ಕೇಳಿ ಬರೆದಿಟ್ಟುಕೊಂಡು, ಬ್ರೋಮೈಡ್ ಕಾಗದದ ಮೇಲೆ ನೀರುಬಣ್ಣವನ್ನೋ ಎಣ್ಣೆಬಣ್ಣವನ್ನೋ ಹತ್ತಿಯಿಂದ ಮೆಲ್ಲನೆ ಉಜ್ಜಿ, ಕೆನ್ನೆಗೆ ನಸುಗೆಂಪನ್ನೂ ಜರಿಗೆ ಹೊನ್ನನ್ನೂ ಕೊಡುತ್ತಿದ್ದನು. ಗಮನಿಸಬೇಕಾದ ಅಂಶವೆಂದರೆ ಪಂಚೆ, ರುಮಾಲು, ಹಣೆಯ ವಿಭೂತಿ, ಕಣ್ಣಿನ ಬಿಳಿಭಾಗ ಇವುಗಳನ್ನು ಅವನು ಮುಟ್ಟುತ್ತಿರಲಿಲ್ಲ. ಕಾಗದದ ಬಿಳುಪೇ ಅಲ್ಲಿ ಉಳಿಯುತ್ತಿತ್ತು, ಮತ್ತು ಮಿಕ್ಕೆಲ್ಲ ಬಣ್ಣಗಳನ್ನು ಅವನು ಆ ಉಳಿಸಿದ ಬಿಳುಪಿನ ಎದುರಿಗಿಟ್ಟು ತೂಗಿ ನೋಡುತ್ತಿದ್ದನು. ಬೆಳಕು ಯಾವ ಬಣ್ಣದ್ದೆಂಬ ಪ್ರಶ್ನೆಯೇ ಅವನ ಪಟದಲ್ಲಿ ಏಳುತ್ತಿರಲಿಲ್ಲ. ಆ ಪಟಗಳು ಇಂದಿಗೂ ಹಳೆಯ ಮನೆಗಳ ಪಡಸಾಲೆಯಲ್ಲಿ ನಮ್ಮನ್ನು ಗೌರವದಿಂದ ನಿಲ್ಲಿಸುವಷ್ಟು ಸಮರ್ಥವಾಗಿವೆ. ಅವುಗಳ ವರ್ಣಸಂಯಮವು ಆಮೇಲೆ ಬಂದ ಅಗ್ಗದ ಕಲರ್ ಪ್ರಿಂಟುಗಳಿಗೆ ಬಹುಕಾಲ ಸಿದ್ಧಿಸಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಲರ್ ಫಿಲ್ಮು ಬಂದೊಡನೆ ಬೆಳಕಿನ ಬಣ್ಣವು ಪ್ರಶ್ನೆಯಾಗಿ ಎದುರು ನಿಂತಿತು. 1935ರಲ್ಲಿ ಕೊಡಾಕ್ರೋಮ್, 1936ರಲ್ಲಿ ಆಗ್ಫಾಕಲರ್ ಹೊರಬಂದವು. ಹಗಲಿನ ಬೆಳಕಿಗೆ ಹೊಂದಿಸಿದ ಫಿಲ್ಮಿನಲ್ಲಿ ಬಲ್ಬಿನ ಕೆಳಗೆ ಕುಳಿತವರು ಕಿತ್ತಳೆಬಣ್ಣ ತಾಳಿದರು. ಬಲ್ಬಿಗೆ ಹೊಂದಿಸಿದ ಫಿಲ್ಮನ್ನು ಬಿಸಿಲಿಗೆ ಒಯ್ದರೆ ಲೋಕವೆಲ್ಲ ನೀಲವಾಯಿತು. ಕಾದ ಕಾಯವೊಂದು ಯಾವ ಉಷ್ಣತೆಯಲ್ಲಿ ಯಾವ ಬಣ್ಣದಿಂದ ಬೆಳಗುವುದೆಂಬ ಭೌತಶಾಸ್ತ್ರದ ಲೆಕ್ಕವನ್ನು ಛಾಯಾಗ್ರಾಹಕರು ಆಗ ಎರವಲು ಪಡೆದು, ಬೆಳಕಿನ ಬಣ್ಣವನ್ನು ಕೆಲ್ವಿನ್ ಮಾನದಲ್ಲಿ ಹೇಳತೊಡಗಿದರು. ಮೇಣದ ಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್. ಸ್ಟುಡಿಯೋದ ಟಂಗ್‌ಸ್ಟನ್ ದೀಪ 3200. ನಡುಹಗಲಿನ ಬಿಸಿಲೂ ಫ್ಲ್ಯಾಷಿನ ಬೆಳಕೂ ಸುಮಾರು 5500. ಮೋಡ ಕವಿದ ಹಗಲು 6500ರ ಸುಮಾರು. ತೆರೆದ ಆಕಾಶದ ಕೆಳಗಿನ ನೆರಳು ಅದಕ್ಕಿಂತಲೂ ಮೇಲೆ. ಸಂಖ್ಯೆ ಏರಿದಷ್ಟೂ ಬೆಳಕು ನೀಲಿಯ ಕಡೆಗೆ ವಾಲುತ್ತದೆ.

ಫಿಲ್ಮಿನ ಸ್ವಭಾವವನ್ನು ಬದಲಿಸಲಾಗದು. ಆದುದರಿಂದ ಬೆಳಕನ್ನೇ ಬದಲಿಸಲು ಲೆನ್ಸಿನ ಮುಂದೆ ಬಣ್ಣದ ಗಾಜನ್ನಿಟ್ಟರು. ಹತ್ತು ಲಕ್ಷವನ್ನು ಕೆಲ್ವಿನ್ ಸಂಖ್ಯೆಯಿಂದ ಭಾಗಿಸಿದರೆ ದೊರೆಯುವ ಮಾನಕ್ಕೆ ಮೈರೆಡ್ ಎಂದು ಹೆಸರು. ಸ್ಟುಡಿಯೋ ದೀಪದ್ದು ಸುಮಾರು 313, ಹಗಲಿನದು 182. ಈ ಅಂತರವಾದ 131ನ್ನು ತುಂಬುವ ನೀಲಿಯ ಗಾಜಿಗೆ 80ಎ ಎಂಬ ಸಂಖ್ಯೆ. ಲೆಕ್ಕ ಅಚ್ಚುಕಟ್ಟು, ಆದರೆ ಬೆಲೆ ತೆರಬೇಕು: ಆ ಗಾಜು ಬಂದ ಬೆಳಕಿನಲ್ಲಿ ಮುಕ್ಕಾಲು ಪಾಲನ್ನು ನುಂಗಿ ಕಾಲುಪಾಲನ್ನು ಮಾತ್ರ ಒಳಗೆ ಬಿಡುತ್ತದೆ. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವೆಂದು ಖ್ಯಾತವಾದ, ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ 1964ರಲ್ಲಿ ತೆರೆಗೆ ಬಂದಾಗ ಇಂಥ ಸೋಸುಕಗಳೂ ವರ್ಣಮಾಪಕಗಳೂ ಚಿತ್ರೋದ್ಯಮದ ನಿತ್ಯದ ಉಪಕರಣಗಳಾಗಿದ್ದವು. ತಾಲ್ಲೂಕುಪೇಟೆಯ ಸ್ಟುಡಿಯೋಕ್ಕೆ ಅವು ದೂರದ ಮಾತು. ಅಲ್ಲಿನವರು ಅದಕ್ಕಿಂತ ಸರಳವಾದ ಉಪಾಯವನ್ನು ಹಿಡಿದರು: ಒಳಾಂಗಣದಲ್ಲಿ ಏನೇ ಇರಲಿ ಫ್ಲ್ಯಾಷು ಹೊಡೆಯುವುದು, ಉಳಿದುದನ್ನು ಲ್ಯಾಬಿಗೆ ಬಿಡುವುದು.

ಹೀಗೆ ಬಿಳುಪಿನ ನಿರ್ಣಯವು ಚಿತ್ರ ತೆಗೆದವನ ಕೈಯಿಂದ, ಆ ಮುಖವನ್ನು ಎಂದೂ ಕಂಡಿರದ ಲ್ಯಾಬಿನವನ ಕೈಗೆ ಹೋಯಿತು. ರೋಲುಗಳು ಬಸ್ಸಿನಲ್ಲಿ ತುಮಕೂರಿಗೋ ಬೆಂಗಳೂರಿಗೋ ಹೋಗಿ, ಪ್ರಿಂಟುಗಳು ಲಕೋಟೆಯಲ್ಲಿ ಹಿಂದಿರುಗುತ್ತಿದ್ದವು. ಲ್ಯಾಬಿನ ಯಂತ್ರವು ಯಾವ ಸಾಕ್ಷಿಯನ್ನು ನಂಬಿತ್ತೆಂಬುದನ್ನು ತುಸು ನಿಂತು ನೋಡಬೇಕು, ಏಕೆಂದರೆ ನಮ್ಮ ಸೀಮೆಗೆ ಅತ್ಯಂತ ಹೆಚ್ಚಿನ ಅನ್ಯಾಯವಾದದ್ದು ಇಲ್ಲಿಯೇ. ಕೊಡಾಕ್ ಸಂಸ್ಥೆಯ ರಾಲ್ಫ್ ಇವಾನ್ಸ್ ಎಂಬ ತಜ್ಞನು 1951ರಲ್ಲಿ ಪೇಟೆಂಟು ಪಡೆದ ಒಂದು ಕ್ರಮದಂತೆ, ಚಿತ್ರವೊಂದರ ಎಲ್ಲ ಬಣ್ಣಗಳನ್ನೂ ಕಲಸಿ ಸರಾಸರಿ ತೆಗೆದರೆ ಬೂದುಬಣ್ಣವೇ ಬರಬೇಕೆಂದು ಯಂತ್ರವು ಭಾವಿಸಿ, ಬರದಿದ್ದರೆ ಬರುವಂತೆ ಪ್ರಿಂಟನ್ನು ತಿದ್ದುತ್ತದೆ. ಮನೆ, ಮರ, ಆಕಾಶ, ಹತ್ತಾರು ಬಣ್ಣದ ಉಡುಪುಗಳು ಕೂಡಿದ ಚಿತ್ರದಲ್ಲಿ ಇದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಚೌಕಟ್ಟಿನ ಮುಕ್ಕಾಲು ಭಾಗ ಉತ್ತ ಕೆಂಪು ಹೊಲವೇ ತುಂಬಿದ್ದು, ನಡುವೆ ಒಬ್ಬ ರೈತನು ನಿಂತಿದ್ದರೆ? ಆ ಕೆಂಪು ಭೂಮಿಯದೆಂದು ಅರಿಯದ ಯಂತ್ರವು, ಇದು ಬೆಳಕಿನ ದೋಷವೆಂದು ಬಗೆದು, ಕೆಂಪಿಗೆ ಪ್ರತಿಯಾದ ಹಸುರುನೀಲಿಯನ್ನು ಚಿತ್ರದ ತುಂಬ ಸುರಿಯುತ್ತಿತ್ತು. ಮಣ್ಣು ಸತ್ತು ಬೂದಿಯಾಗುತ್ತಿತ್ತು, ರೈತನ ಮುಖ ರೋಗಿಷ್ಠನ ಮುಖವಾಗುತ್ತಿತ್ತು. ಅದೇ ಮನುಷ್ಯನು ಬೆಳೆದು ನಿಂತ ಹಸುರು ಪೈರಿನ ನಡುವೆ ನಿಂತರೆ ಮೋರೆಗೆ ಕೆನ್ನೇರಳೆಯ ಛಾಯೆ. ಅನುಭವಿಯಾದ ಪ್ರಿಂಟರನು ಕಣ್ಣಿಂದ ನೋಡಿ ಗುಂಡಿಯೊತ್ತಿ ತಿದ್ದಬಲ್ಲವನಾಗಿದ್ದನು, ತಿದ್ದುತ್ತಲೂ ಇದ್ದನು. ಆದರೆ ಮದುವೆಯ ತಿಂಗಳಿನಲ್ಲಿ ರಾಶಿ ಬಿದ್ದ ರೋಲುಗಳ ನಡುವೆ ಪ್ರತಿಯೊಂದು ಮುಖಕ್ಕೂ ಅಷ್ಟು ಬಿಡುವು ಎಲ್ಲಿಂದ ಬರಬೇಕು?

ಮುಖಗಳಿಗೂ ಒಂದು ಸಾಕ್ಷಿಯಿತ್ತು. ಯಂತ್ರವನ್ನು ಹದಕ್ಕೆ ತರಲು ಕೊಡಾಕ್ ಸಂಸ್ಥೆಯು ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಚಿತ್ರದಲ್ಲಿ ಒಬ್ಬ ಬಿಳಿಯ ಹೆಂಗಸಿನ ಮುಖವಿರುತ್ತಿತ್ತು. ಮೊದಲಿನ ರೂಪದರ್ಶಿಯೊಬ್ಬಳ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ರೂಢಿ. ಆಕೆಯ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆಯೆಂದು ಅರ್ಥ. ನಾನಾ ವರ್ಣದ ಮುಖಗಳುಳ್ಳ ಮಾದರಿಗಳು ಬಂದದ್ದು 1990ರ ದಶಕದಲ್ಲಿ. ಬಯಲುಸೀಮೆಯ ಬಿಸಿಲಿನಲ್ಲಿ ದುಡಿದ ಕಪ್ಪು ಮೈಬಣ್ಣವು ಅಷ್ಟು ವರ್ಷಗಳ ಕಾಲ ತನಗೆ ಸಂಬಂಧವೇ ಇಲ್ಲದ ಒಂದು ಮುಖದ ಅಳತೆಯಲ್ಲಿ ಅಚ್ಚಾಯಿತೆಂಬುದನ್ನು ನೆನೆದರೆ ನೋವಾಗುತ್ತದೆ. ನಮ್ಮ ಮನೆಗಳ ಆಲ್ಬಮ್ಮುಗಳಲ್ಲಿ ಕಣ್ಣು ಹಲ್ಲುಗಳ ಹೊರತು ಮತ್ತೇನೂ ಕಾಣದಂತೆ ಮಸಿಗಟ್ಟಿದ ಮುಖಗಳಿಗೆ ಆ ಮುಖಗಳು ಹೊಣೆಯಲ್ಲ.

1982ರಲ್ಲಿ ದೂರದರ್ಶನವು ವರ್ಣಕ್ಕೆ ತಿರುಗಿದ ಬಳಿಕ ಕೆಲವೇ ವರ್ಷಗಳಲ್ಲಿ ವಿಡಿಯೋ ಕ್ಯಾಮೆರಾ ಹಳ್ಳಿಯ ಮದುವೆಗಳನ್ನು ಪ್ರವೇಶಿಸಿತು, ಮತ್ತು ಅದರೊಡನೆ ಬಿಳುಪಿನ ನಿರ್ಣಯವು ಚಿತ್ರ ತೆಗೆಯುವವನ ಕೈಗೆ ಮರಳಿತು. ವಿಡಿಯೋದಲ್ಲಿ ತಿದ್ದಿ ಕಳಿಸುವ ಲ್ಯಾಬಿಲ್ಲ. ಬಿಳಿಯ ವಸ್ತುವೊಂದನ್ನು ಲೆನ್ಸಿನ ತುಂಬ ಹಿಡಿದು ಗುಂಡಿಯೊತ್ತಿದರೆ, ಕ್ಯಾಮೆರಾವು ಕೆಂಪು, ಹಸುರು, ನೀಲಿ ಎಂಬ ಮೂರು ಸಂಕೇತಗಳನ್ನು ಸಮಗೊಳಿಸಿಕೊಂಡು, ಇನ್ನು ಮುಂದೆ ಇದೇ ಬಿಳುಪೆಂದು ಒಪ್ಪಿಕೊಳ್ಳುತ್ತದೆ. ವೈಟ್ ಬ್ಯಾಲೆನ್ಸ್ ಎಂಬ ಮಾತು ನಮ್ಮ ಊರುಗಳಿಗೆ ಬಂದದ್ದು ಬಹುಶಃ ಈ ಗುಂಡಿಯ ಮೂಲಕವೇ. ಮದುವೆಮನೆಯಲ್ಲಿ ಬಿಳಿಯ ವಸ್ತುವಿಗೇನು ಕೊರತೆ! ಕಾಗದದ ಹಾಳೆ ಸಿಕ್ಕದಿದ್ದರೆ ವರನ ಪಂಚೆ, ಪುರೋಹಿತರ ಶಲ್ಯ, ವಧೂವರರ ನಡುವೆ ಹಿಡಿಯಲೆಂದು ಮಡಿಸಿಟ್ಟ ಅಂತರಪಟ.

ಆದರೆ ಈ ಸಾಕ್ಷಿಗಳ ನುಡಿಯಲ್ಲಿ ಒಂದು ಮೋಸವಿತ್ತು. ಬಿಳಿ ಬಟ್ಟೆ ಹಳದಿಗಟ್ಟದಿರಲೆಂದು ಒಗೆದ ಮೇಲೆ ನೀಲಿಯ ನೀರಿನಲ್ಲಿ ಅದ್ದುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ಬಟ್ಟೆಯ ಸೋಪಿನ ಪುಡಿಯಲ್ಲಿಯೂ, ಹೊಳಪುಳ್ಳ ಬರೆಯುವ ಕಾಗದದಲ್ಲಿಯೂ ಸೇರಿರುವ ಕೆಲವು ರಾಸಾಯನಿಕಗಳು, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ ನೀಲಿಯಾಗಿ ಹೊರಚೆಲ್ಲುತ್ತವೆ. ಹೀಗಾಗಿ ಅಚ್ಚ ಬಿಳುಪೆಂದು ತೋರುವ ಬಟ್ಟೆ ನಿಜವಾಗಿ ನಸುನೀಲಿ. ಅದನ್ನು ಬಿಳುಪೆಂದು ನಂಬಿದ ಕ್ಯಾಮೆರಾ ಉಳಿದೆಲ್ಲದರಿಂದಲೂ ಅಷ್ಟು ನೀಲಿಯನ್ನು ಕಳೆದು, ಮದುವೆಮನೆಯನ್ನೇ ಅರಿಸಿನದಲ್ಲಿ ಮೀಯಿಸುತ್ತಿತ್ತು. ಇದರ ಜೊತೆಗೆ ಮೇಲೆ ಕೆಂಪು ಹಳದಿ ಪಟ್ಟೆಯ ಶಾಮಿಯಾನ, ಚಪ್ಪರಕ್ಕೆ ಹೊದಿಸಿದ ತೆಂಗಿನಗರಿಯ ಹಸುರು, ಒಳಗೆ ಟ್ಯೂಬ್‌ಲೈಟು, ವಿಡಿಯೋದವನೇ ಹಿಡಿದು ತಂದ ಹ್ಯಾಲೊಜನ್ ದೀಪ. ಮುಹೂರ್ತದ ಹೊತ್ತಿಗೆ ಹಸೆಮಣೆಯ ಮೇಲೆ ನಾಲ್ಕು ಬಣ್ಣದ ಬೆಳಕುಗಳು ಕೂಡುತ್ತಿದ್ದವು, ಮತ್ತು ಗುಂಡಿಯೊಂದು ಅವುಗಳಲ್ಲಿ ಒಂದನ್ನು ಮಾತ್ರ ಸರಿಪಡಿಸಬಲ್ಲುದಾಗಿತ್ತು.

ಡಿಜಿಟಲ್ ಕ್ಯಾಮೆರಾ ಈ ಪರಂಪರೆಯನ್ನು ಮುಂದುವರಿಸಿತೇ ಹೊರತು ಮುರಿಯಲಿಲ್ಲ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟು ಪಡೆದ ವಿನ್ಯಾಸದಂತೆ ಅದರ ಗ್ರಾಹಕಫಲಕದ ಮೇಲೆ ಅರ್ಧದಷ್ಟು ಹಸುರು, ಕಾಲುಪಾಲು ಕೆಂಪು, ಕಾಲುಪಾಲು ನೀಲಿಯ ಸೂಕ್ಷ್ಮ ಸೋಸುಕಗಳು ಹರಡಿರುತ್ತವೆ. ಹಸುರನ್ನು ಹಾಗೆಯೇ ಇಟ್ಟುಕೊಂಡು ಕೆಂಪನ್ನೂ ನೀಲಿಯನ್ನೂ ತಕ್ಕ ಸಂಖ್ಯೆಗಳಿಂದ ಗುಣಿಸಿದರೆ ಬಿಳುಪು ಬಿಳುಪಾಗುತ್ತದೆ. 80ಎ ಗಾಜು ಮಾಡುತ್ತಿದ್ದ ಕೆಲಸ ಈಗ ಎರಡು ಗುಣಾಕಾರಗಳಲ್ಲಿ ಮುಗಿಯುತ್ತದೆ. ಆ ಸಂಖ್ಯೆಗಳನ್ನು ಯಾರು ಹೇಳಬೇಕು? ಕ್ಯಾಮೆರಾವೇ ಊಹಿಸಲಿ ಎಂದು ಬಿಟ್ಟರೆ, ಇಂದು ಅದು ನಾನಾ ಜಾಣ್ಮೆಗಳನ್ನು ಕಲಿತಿದ್ದರೂ, ಅದರ ಊಹೆಯ ತಳದಲ್ಲಿ ಇವಾನ್ಸನ ಸರಾಸರಿ ಬೂದುಬಣ್ಣದ ತತ್ತ್ವವು ಇನ್ನೂ ಉಸಿರಾಡುತ್ತಿದೆ; ಕೆಂಪು ಹೊಲದ ನಡುವಿನ ರೈತನಿಗೆ ಅದು ಇನ್ನೂ ಪೂರ್ಣನ್ಯಾಯ ಒದಗಿಸದು.

ಆದುದರಿಂದಲೇ ಬೂದುಹಲಗೆ, ಎಂದರೆ ಗ್ರೇ ಕಾರ್ಡ್. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಕೊಡಾಕ್‌ನ ಹಲಗೆಯು ಮೂಲತಃ ಬೆಳಕಿನ ಪ್ರಮಾಣವನ್ನು ಅಳೆಯಲು ಹುಟ್ಟಿದ್ದು. ಬೆಳಕಿನ ಬಣ್ಣವನ್ನು ಅಳೆಯುವ ಕೆಲಸಕ್ಕೆ ಅದು ಆಮೇಲೆ ಬಂತು. ಅಕ್ಕಸಾಲಿಗನಿಗೆ ಒರೆಗಲ್ಲು ಹೇಗೋ ಛಾಯಾಗ್ರಾಹಕನಿಗೆ ಇದು ಹಾಗೆ: ತಾನು ಯಾವ ಬಣ್ಣವನ್ನೂ ಸೇರಿಸದೆ ಬಂದುದನ್ನು ತೋರಿಸುವುದೇ ಅದರ ಗುಣ. ಎಲ್ಲ ಹಲಗೆಗಳೂ ಈ ಗುಣದಲ್ಲಿ ಸಮವಲ್ಲ. ಅಗ್ಗದ ಮುದ್ರಿತ ಕಾಗದವು ಬಿಸಿಲಿನಲ್ಲಿ ಬೂದಾಗಿ ಕಂಡು ಟ್ಯೂಬ್‌ಲೈಟಿನಲ್ಲಿ ನಸುಗೆಂಪಾಗಿ ತೋರುವುದುಂಟು. ಪ್ಲಾಸ್ಟಿಕ್ಕಿನ ಒಡಲಿನಲ್ಲಿಯೇ ಬಣ್ಣ ಬೆರೆತಿರುವ ವೈಬಾಲ್‌ನಂಥ ಹಲಗೆಗಳು ಈ ಕೊರತೆಯನ್ನು ತುಂಬಲೆಂದು ಬಂದವು. ಲೆನ್ಸಿಗೇ ಮುಚ್ಚಳದಂತೆ ತೊಡಿಸಿ, ವಸ್ತುವಿದ್ದ ಜಾಗದಿಂದ ಬೆಳಕಿನ ಕಡೆಗೆ ಹಿಡಿಯುವ ಹಾಲುಬಿಳುಪಿನ ಬಿಲ್ಲೆಗಳೂ ಇವೆ. 1976ರಲ್ಲಿ ಮ್ಯಾಕ್‌ಬೆತ್ ಸಂಸ್ಥೆಯವರು ಹೊರತಂದ ಕಲರ್ ಚೆಕ್ಕರ್ ಎಂಬ 24 ಚೌಕಗಳ ಪಟ್ಟಿಯಲ್ಲಿ ಕೆಳಸಾಲಿನ ಆರು ಚೌಕಗಳು ಬಿಳುಪಿನಿಂದ ಕಪ್ಪಿನವರೆಗಿನ ಬೂದುಗಳು; ಮಿಕ್ಕವುಗಳಲ್ಲಿ ಮಾನವಚರ್ಮ, ಎಲೆ, ಆಕಾಶಗಳಂಥ ನಿಜವಸ್ತುಗಳ ಬಣ್ಣಗಳೂ ಉಂಟು. ಇದ್ದವುಗಳಲ್ಲೆಲ್ಲ ನಾನು ಹೆಚ್ಚು ಗೌರವಿಸುವುದು ಈ ಪಟ್ಟಿಯನ್ನು. ಅದರ ಚರ್ಮದ ಬಣ್ಣಗಳಲ್ಲಿ ತಿಳಿಬಣ್ಣದ್ದು ಒಂದಾದರೆ ಕಪ್ಪಿನದೂ ಒಂದಿದೆ.

ಇವನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬ ವಿವೇಕ ಮಾತ್ರ ಯಾವ ಪೆಟ್ಟಿಗೆಯಲ್ಲಿಯೂ ಬರುವುದಿಲ್ಲ. ಶಿರಾದಲ್ಲಿ 1651ರಲ್ಲಿ ಕಟ್ಟಿದ ಮಲಿಕ್ ರಿಹಾನನ ಗೋರಿಯ ಮೇಲೆ ಸಂಜೆಯ ಬಿಸಿಲು ಬಿದ್ದಾಗ ಆ ಕಲ್ಲು ಹೊನ್ನಾಗುವುದನ್ನು ಕಾಣಲೆಂದೇ ಹೋದವನು ಹಲಗೆ ಹಿಡಿದು ಆ ಹೊನ್ನನ್ನು ಅಳಿಸಿದರೆ ಅದು ಅರಸಿಕತೆ. ಶಿರಾಕ್ಕೆ ಸಮೀಪದ ಕಗ್ಗಲಡುವಿನ ಮಾತು ಬೇರೆ. ಅಲ್ಲಿ ಊರೊಳಗಿನ ಹುಣಸೆಯ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರವರು ಅವುಗಳನ್ನು ಮಕ್ಕಳಂತೆ ಕಾಯುತ್ತಾರೆ. ಬಿಳಿಯ ಮೈ, ರೆಕ್ಕೆಯ ಮೇಲೆ ಕಪ್ಪು ಪಟ್ಟೆ, ಹಳದಿಯ ಕೊಕ್ಕು, ಬಾಲದ ಬಳಿಯ ಗರಿಗಳಲ್ಲಿ ಮಾತ್ರ ತೆಳುವಾದ ಗುಲಾಬಿ. ಸುತ್ತಲೂ ಹುಣಸೆಯ ಹಸುರೇ ತುಂಬಿರುವುದರಿಂದ ಕ್ಯಾಮೆರಾ ಹಸುರನ್ನು ಕಳೆಯಹೊರಟರೆ ಬಿಳಿಯ ಮೈಗೂ ಗುಲಾಬಿ ಹರಡಿ, ಯಾವ ಗುಲಾಬಿಗಾಗಿ ಆ ಹಕ್ಕಿಗೆ ಬಣ್ಣದ ಹೆಸರು ಬಂತೋ ಅದು ಬೇರೆಯಾಗಿ ಕಾಣದೇ ಹೋಗುತ್ತದೆ. ಮರದ ಬುಡದಲ್ಲಿ ನಿಂತು ನೆರಳಿನಲ್ಲಿ ಹಲಗೆ ಹಿಡಿದರೂ ಫಲವಿಲ್ಲ. ಹಕ್ಕಿ ಕುಳಿತಿರುವುದು ಮೇಲಿನ ಬಿಸಿಲಿನಲ್ಲಿ. ಬಯಲಿಗೆ ಬಂದು, ಅದೇ ಬಿಸಿಲು ಬೀಳುವಂತೆ, ಕೆಂಪು ನೆಲಕ್ಕೆ ಬೆನ್ನಾಗಿ ಹಲಗೆಯನ್ನು ತಿರುಗಿಸಿ ಹಿಡಿಯಬೇಕು.

ಇನ್ನು ಸೀಬಿ. ತುಮಕೂರಿನಿಂದ ಶಿರಾಕ್ಕೆ ಬರುವ ಇದೇ ಹೆದ್ದಾರಿಯ ಬದಿಯ ನರಸಿಂಹಸ್ವಾಮಿಯ ದೇವಾಲಯದ ಮುಖಮಂಟಪದ ಚಾವಣಿಯಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ವರ್ಣಚಿತ್ರಗಳಿವೆ: ರಾಜಸಭೆ, ಮೆರವಣಿಗೆ, ಪುರಾಣದ ಪ್ರಸಂಗಗಳು. ಹೈದರ್ ಟಿಪ್ಪೂಗಳ ಕಾಲದ ಉಡುಪು, ರುಮಾಲು, ಆಯುಧಗಳ ಬಣ್ಣವನ್ನು ನಮಗೆ ತಿಳಿಸುವ ಇಂಥ ಆಧಾರಗಳು ಈ ಜಿಲ್ಲೆಯಲ್ಲಿ ವಿರಳ. ಚಾವಣಿಗೆ ನೇರ ಬಿಸಿಲು ತಾಗುವುದಿಲ್ಲ. ಅಂಗಳಕ್ಕೂ ನೆಲಗಲ್ಲಿಗೂ ಬಿದ್ದು ಮೇಲಕ್ಕೆ ಚಿಮ್ಮಿದ ಬೆಳಕೇ ಅದನ್ನು ಬೆಳಗುವುದು, ಮತ್ತು ಆ ಬೆಳಕು ತಾನು ತಾಗಿದ ನೆಲದ ವರ್ಣವನ್ನು ಹೊತ್ತೇ ಬರುತ್ತದೆ. ಚಿತ್ರಕಾರನು ಬಳಿದ ಕಾವಿ ಎಷ್ಟು, ನೆಲದಿಂದ ಬಂದ ಕೆಂಪು ಎಷ್ಟು ಎಂಬುದನ್ನು ಬರಿಯ ಫೋಟೋವನ್ನು ನೋಡಿ ಯಾವ ಪಂಡಿತನೂ ಬೇರ್ಪಡಿಸಲಾರನು. ಕಾಲಕ್ರಮದಲ್ಲಿ ಮಸುಕಾಗುತ್ತಿರುವ ಚಿತ್ರಗಳಿಗೆ ಇದು ಅಲ್ಪವಾದ ಸಂಗತಿಯಲ್ಲ: ಹತ್ತು ವರ್ಷಗಳ ಅಂತರದಲ್ಲಿ ತೆಗೆದ ಎರಡು ಫೋಟೋಗಳನ್ನು ಹೋಲಿಸಿ, ಬಣ್ಣ ಮಾಸಿತೆ ಇಲ್ಲವೆ ಎಂದು ಹೇಳಬೇಕಾದರೆ ಎರಡರಲ್ಲಿಯೂ ಒಂದೇ ಸಾಕ್ಷಿಯಿರಬೇಕು.

ಅಲ್ಲಿಗೆ ಹೋಗುವ ಯುವ ಛಾಯಾಗ್ರಾಹಕರಲ್ಲಿ ನನ್ನ ಬೇಡಿಕೆ ಇಷ್ಟೆ. ಫ್ಲ್ಯಾಷನ್ನು ಹೊಡೆಯದಿರಿ. 24 ಚೌಕಗಳ ಪಟ್ಟಿಯನ್ನು ಉದ್ದವಾದ ಕೋಲಿಗೆ ಕಟ್ಟಿ, ಚಿತ್ರವನ್ನು ಮುಟ್ಟದಂತೆ, ಆದರೆ ಚಿತ್ರದ ಮೇಲೆ ಬೀಳುವ ಬೆಳಕೇ ಅದರ ಮೇಲೂ ಬೀಳುವಂತೆ ಕೆಳಮುಖವಾಗಿ ಹಿಡಿದು ಪ್ರತಿ ಅಂಕಣಕ್ಕೂ ಮೊದಲು ಒಂದು ಚಿತ್ರ ತೆಗೆಯಿರಿ. ಬೆಳಕು ಬದಲಾದರೆ ಮತ್ತೊಮ್ಮೆ ತೆಗೆಯಿರಿ. ಕ್ಯಾಮೆರಾದ ಮೂಲದತ್ತಾಂಶವಾದ ರಾ ಕಡತವನ್ನು ಅಳಿಸದೆ, ಪಟ್ಟಿಯಿರುವ ಆ ಚಿತ್ರವನ್ನು ಉಳಿದವುಗಳಿಂದ ಎಂದೂ ಬೇರ್ಪಡಿಸದೆ, ದಿನಾಂಕ ಬರೆದು ಜೊತೆಯಲ್ಲಿಯೇ ಇಡಿರಿ.